ಗಾಜಕ್ಕನ ಕೈಗುಣ

ನಾನು ಸಂಶೋಧನೆಗೆಂದು ಆ ಪ್ರಯೋಗಾಲಯಕ್ಕೆ ಸೇರಿದ ಮೊದಲನೆಯ ದಿನವೇ ಒಬ್ಬ ಹೆಂಗಸು ನನ್ನ ಕೈಯಲ್ಲಿದ್ದ ಬೀಕರನ್ನು ಕಿತ್ತುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, "ಇದನ್ನ ತೊಳೆದೋರು ಯಾರು?" ಎಂದು ಕೇಳಿದಳು.

"ನಾನೇ" ಎಂದೆ.

"ನೀನು ತೊಳೆದಿಲ್ಲ ಮರಿ, ನೆನೆಸಿದ್ದೀಯ" ಎಂದು ಬೀಕರನ್ನು ತೆಗೆದುಕೊಂಡು ಹೊರಟೇಹೋದಳು. ಕಾಲು ಗಂಟೆಯ ಮೇಲೆ ಅದು ನನ್ನ ಮೇಜಿಗೆ ಮರಳಿ ಬಂದಾಗ, ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಬೇಕು, ಅಷ್ಟು ತಿಳಿಯಾಗಿತ್ತು.

ಅವಳೇ ಗಾಜಕ್ಕ. ಹಾಜರಿ ಪುಸ್ತಕದಲ್ಲಿ ಅವಳಿಗೆ ಬೇರೆ ಹೆಸರಿತ್ತು. ಆದರೆ ಆ ಹೆಸರು ಹಿಡಿದು ಕರೆದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಹದಿನೇಳನೆಯ ವಯಸ್ಸಿಗೆ ಒಂದು ಕನ್ನಡಕದ ಅಂಗಡಿಯಲ್ಲಿ ಗಾಜು ಒರೆಸುವ ಕೆಲಸಕ್ಕೆ ಸೇರಿದ್ದಳಂತೆ. ಅಂಗಡಿಯ ಯಜಮಾನ ಮಹಾ ಶಿಸ್ತಿನವನು. ಹಾ ಎಂದು ಗಾಜಿಗೆ ಉಸಿರು ಬಿಡಬೇಕು, ಮೆತ್ತನೆಯ ಬಟ್ಟೆಯಿಂದ ಒರೆಸಬೇಕು, ಬೆರಳ ತುದಿಯಿಂದ ಸವರಿ ನೋಡಬೇಕು. "ಕಣ್ಣು ಸುಳ್ಳು ಹೇಳುತ್ತೆ, ಬೆರಳು ಹೇಳಲ್ಲ" ಎಂಬುದು ಅವನ ಪಾಠ. ಏಳು ವರ್ಷ ಆ ಪಾಠ ಕಲಿತು, ಮದುವೆಯಾಗಿ, ದರ್ಜಿ ಗಂಡನ ಮನೆಗೆ ಬಂದು, ಅಲ್ಲಿಂದ ನಮ್ಮ ಪ್ರಯೋಗಾಲಯದ ತೊಳೆಯುವ ಕೋಣೆಗೆ ಬಂದವಳು ಇಪ್ಪತ್ತೆರಡು ವರ್ಷದಿಂದ ಅಲ್ಲೇ ಇದ್ದಳು.

ಆ ಕೋಣೆ ಅವಳ ಸಾಮ್ರಾಜ್ಯ. ಸಾಲಾಗಿ ಮೂರು ಕಲ್ಲಿನ ತೊಟ್ಟಿಗಳು, ಮೊಳೆಗಳಿಗೆ ನೇತುಹಾಕಿದ ಹದಿನಾಲ್ಕು ಬ್ರಷ್ಷುಗಳು, ಮೂಲೆಯಲ್ಲಿ ಬೀರುವಿನಷ್ಟು ದೊಡ್ಡ ಒಂದು ಅವನ್, ಅಂದರೆ ಗಾಜು ಕಾಯಿಸುವ ವಿದ್ಯುತ್ ಒಲೆ. ಸೋಪು ನೀರಿನಲ್ಲಿ ಒಮ್ಮೆ, ನಲ್ಲಿ ನೀರಿನಲ್ಲಿ ಆರು ಸಲ, ಶುದ್ಧ ನೀರಿನಲ್ಲಿ ಮೂರು ಸಲ. ನನ್ನ ಗಾಜುಗಳಿಗೆ ಇನ್ನೊಂದು ಸಂಸ್ಕಾರವೂ ಇತ್ತು: ಸಂಜೆ ಅವನ್ನಿಗೆ ತುಂಬಿದರೆ ಇನ್ನೂರ ನಲವತ್ತು ಡಿಗ್ರಿಯಲ್ಲಿ ಬೆಂದು ಬೆಳಿಗ್ಗೆ ಹೊರಬರಬೇಕು. ಗಾಜಕ್ಕ ಎಲ್ಲರಿಗಿಂತ ಒಂದು ಗಂಟೆ ಮೊದಲೇ ಬಂದು, ಎಲ್ಲರ ಗಾಜನ್ನೂ ತೆಗೆದು, ನಾವು ಬರುವಷ್ಟರಲ್ಲಿ ಅವರವರ ಮೇಜಿನ ಮೇಲೆ ಮುಚ್ಚಳ ಹಾಕಿ ಜೋಡಿಸಿಟ್ಟಿರುತ್ತಿದ್ದಳು. ಹೊರಗಿನಿಂದ ಬಂದವರು ನಮ್ಮ ಸಂಶೋಧನೆಯನ್ನು ಹೊಗಳಿದ್ದು ಕಡಿಮೆ. ಬಾಟಲಿಗಳನ್ನು ಹೊಗಳದೆ ಹೋದವರಿಲ್ಲ.

"ಕೆಲವರ ಕೈಗುಣ ಹಾಗಿರುತ್ತೆ" ಎನ್ನುತ್ತಿದ್ದರು ನಮ್ಮ ಪ್ರೊಫೆಸರು, ಬೋಳುತಲೆಯನ್ನು ಕೆರೆದುಕೊಳ್ಳುತ್ತ. ಯೋಚಿಸುವಾಗಲೂ ಮೆಚ್ಚುವಾಗಲೂ ತಲೆ ಕೆರೆಯುವುದು ಅವರ ಅಭ್ಯಾಸ.

ಇಲ್ಲಿ ನನ್ನ ಕೆಲಸದ ವಿಚಾರವನ್ನೂ ನಾಲ್ಕು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದೆ ನಡೆದದ್ದು ಅರ್ಥವಾಗದು. ಪ್ರತಿ ಜೀವಕೋಶದೊಳಗೂ ರೈಬೋಸೋಮ್ ಎಂಬ ಅತಿ ಸಣ್ಣ ಯಂತ್ರಗಳು ಸಾವಿರಾರು ಇರುತ್ತವೆ. ಅಮೈನೋ ಆಮ್ಲಗಳೆಂಬ ಇಪ್ಪತ್ತು ಬಗೆಯ ತುಣುಕುಗಳನ್ನು ಒಂದರ ಹಿಂದೊಂದು ಜೋಡಿಸಿ ಪ್ರೋಟೀನ್ ತಯಾರಿಸುವುದು ಅವುಗಳ ಕಸುಬು. ಯಾವುದರ ಹಿಂದೆ ಯಾವುದು ಎಂಬ ಆದೇಶ ಆರ್‌ಎನ್‌ಎ ಎಂಬ ಉದ್ದನೆಯ ಎಳೆಯ ಮೇಲೆ ಬರೆದಿರುತ್ತದೆ. ಈ ಕೆಲಸವನ್ನು ಜೀವಕೋಶದ ಹೊರಗೆ, ಬರೀ ಒಂದು ನಳಿಕೆಯಲ್ಲಿ ಮಾಡಿಸುವುದು ನನ್ನ ಪಾಲಿಗೆ ಬಂದ ವಿಷಯ. ಗೋಧಿಕಾಳಿನಲ್ಲಿ ಮೊಳಕೆ ಒಡೆಯುವ ಭಾಗವನ್ನು ಬಿಡಿಸಿ, ಅರೆದು, ಸೋಸಿ, ಅದರ ರಸದಿಂದ ರೈಬೋಸೋಮ್‌ಗಳನ್ನೂ ಜೊತೆಯ ಕಿಣ್ವಗಳನ್ನೂ ಪಡೆಯಬೇಕು. ಅದಕ್ಕೆ ಅಮೈನೋ ಆಮ್ಲಗಳನ್ನು ಹಾಕಿ, ಮಿಂಚುಹುಳು ಬೆಳಗಲು ಬಳಸುವ ಒಂದು ಪ್ರೋಟೀನಿನ ಆದೇಶವಿರುವ ಆರ್‌ಎನ್‌ಎ ಕೊಡಬೇಕು. ಪ್ರೋಟೀನ್ ತಯಾರಾಗಿದ್ದರೆ, ಅದಕ್ಕೆ ತಕ್ಕ ರಾಸಾಯನಿಕದ ಹನಿ ಬಿದ್ದ ಕೂಡಲೇ ನಳಿಕೆ ಹೊಳೆಯುತ್ತದೆ. ಬೆಳಕು ಅಳೆಯುವ ಯಂತ್ರ ಸಾವಿರಗಟ್ಟಲೆ ಅಂಕಿ ತೋರಿಸುತ್ತದೆ. ಏನೂ ಆಗಿರದಿದ್ದರೆ ನಲವತ್ತರ ಆಸುಪಾಸು ತೋರಿಸುತ್ತದೆ.

ಏಳು ತಿಂಗಳು ನನಗೆ ಸಿಕ್ಕಿದ್ದು ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು, ನಲವತ್ತೊಂದು. ನನ್ನ ಟಿಪ್ಪಣಿ ಪುಸ್ತಕ ಜ್ವರದ ರೋಗಿಯ ಉಷ್ಣತೆಯ ಪಟ್ಟಿಯ ಹಾಗೆ ಕಾಣುತ್ತಿತ್ತು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಮೊದಲು ಗೋಧಿಯನ್ನು ಬೈದೆ. ಊರಿನ ಐದು ಹಿಟ್ಟಿನ ಗಿರಣಿಗಳಿಗೂ ಅಲೆದು, ಬಿಸಿ ತಾಗದ ಗೋಧಿಮೊಳಕೆ ಬೇಕೆಂದು ಗೋಗರೆದೆ. "ಹಿಟ್ಟು ಬೇಡ, ರವೆ ಬೇಡ, ಕಾಳಿನ ಮೂತಿ ಮಾತ್ರ ಬೇಕಾ?" ಎಂದು ಒಬ್ಬ ಗಿರಣಿಯವನು ಒಳಗಿದ್ದ ಹೆಂಡತಿಯನ್ನೂ ಕರೆದು ನನ್ನನ್ನು ತೋರಿಸಿದ. ಆಮೇಲೆ ಉಪ್ಪನ್ನು ಬೈದೆ, ಯಂತ್ರವನ್ನು ಬೈದೆ, ಹವೆಯನ್ನು ಬೈದೆ.

ಗಾಜಕ್ಕನಿಗೆ ನನ್ನ ಮೇಲೆ ಕನಿಕರ. ದಿನಾ ಮಧ್ಯಾಹ್ನ ಬಾಗಿಲಲ್ಲಿ ಇಣುಕಿ, "ಹೊಳೀತಾ?" ಎನ್ನುತ್ತಿದ್ದಳು.

"ಇಲ್ಲಕ್ಕ."

"ನಾಳೆ ನಿನ್ನ ಬಾಟಲಿಗಳನ್ನ ಇನ್ನಷ್ಟು ಚೆನ್ನಾಗಿ ನೋಡ್ಕೋತೀನಿ. ನೀನು ಧೈರ್ಯಗೆಡಬೇಡ" ಎಂದು ಹೋಗುತ್ತಿದ್ದಳು. ಮರುದಿನ ಬಾಟಲಿಗಳು ಇನ್ನೂ ಫಳಫಳ ಎನ್ನುತ್ತಿದ್ದವು. ನಳಿಕೆ ಮಾತ್ರ ಕಗ್ಗತ್ತಲು.

ಹೀಗಿರುವಾಗ ಅವಳ ಅತ್ತೆಯ ಕಣ್ಣಿನ ಪೊರೆ ತೆಗೆಸುವುದೆಂದಾಯಿತು. ಗಾಜಕ್ಕ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಹತ್ತು ದಿನ ಒಟ್ಟಿಗೆ ರಜೆ ಹಾಕಿದಳು. ಬದಲಿಗೆ ಯಾರೂ ಸಿಗಲಿಲ್ಲ. "ಅವರವರದು ಅವರವರೇ ತೊಳೆದುಕೊಳ್ಳಿ" ಎಂದರು ಪ್ರೊಫೆಸರು. ನಾನು ಎಂದಿನಂತೆ ತೊಳೆಯುವ ಬದಲು ನೆನೆಸಿದೆ. ಬಾಟಲಿಗಳ ಬಾಯಿಗೆ ತಗಡಿನ ಹಾಳೆ ಸುತ್ತಿ ಅವನ್ನಿಗೆ ತಳ್ಳಿದೆ. ಬೆಳಿಗ್ಗೆ ಕೈಗವಸು ಹಾಕಿಕೊಂಡು ತೆಗೆದು, ಒರೆಸುವ ಸೋಮಾರಿತನಕ್ಕೆ, ನೀರಿನ ಕಲೆ ಇದ್ದ ಹಾಗೆಯೇ ಬಳಸಿದೆ.

ಯಂತ್ರ ನಲವತ್ತಾರು ಸಾವಿರದ ಮುನ್ನೂರ ಹನ್ನೆರಡು ತೋರಿಸಿತು.

ಯಂತ್ರ ಕೆಟ್ಟಿದೆ ಎಂದುಕೊಂಡೆ. ಇನ್ನೊಮ್ಮೆ ಮಾಡಿದೆ. ನಲವತ್ತನಾಲ್ಕು ಸಾವಿರ. ಮೂರನೆಯ ಸಲ ನಲವತ್ತೊಂಬತ್ತು ಸಾವಿರ. ನಾನು ಓಡಿಹೋಗಿ ಪ್ರೊಫೆಸರರ ಕೋಣೆಯಲ್ಲಿ ಏನು ಕಿರುಚಿದೆನೋ ನೆನಪಿಲ್ಲ. ಅವರು ಎರಡೂ ಕೈಯಿಂದ ತಲೆ ಕೆರೆದುಕೊಂಡರು.

ಹನ್ನೊಂದನೆಯ ದಿನ ಗಾಜಕ್ಕ ಬಂದಳು. ಮುಖ ಬಾಡಿತ್ತು. ಪೊರೆ ತೆಗೆದ ಮೇಲೆ ಅತ್ತೆಗೆ ಎಷ್ಟೋ ವರ್ಷಗಳ ನಂತರ ಎಲ್ಲವೂ ನಿಚ್ಚಳವಾಗಿ ಕಾಣತೊಡಗಿತ್ತು; ಮೊದಲು ಕಂಡದ್ದು ಮನೆಯ ಮೂಲೆ ಮೂಲೆಯ ಧೂಳು. "ಇಷ್ಟು ವರ್ಷ ಈ ಕೊಂಪೇಲಾ ನನ್ನನ್ನ ಇಟ್ಟಿದ್ದು?" ಎಂದು ಮುದುಕಿ ಬೆಳಿಗ್ಗೆಯಿಂದ ಸಂಜೆಯವರೆಗೆ ಬೆರಳು ತೋರಿಸುತ್ತ ಮನೆ ಸುತ್ತುತ್ತಿದ್ದಳಂತೆ. ನನ್ನ ಸುದ್ದಿ ಕೇಳಿ ಗಾಜಕ್ಕನ ಮುಖ ಅರಳಿತು. "ಹೌದಾ ಮರಿ! ನಿನ್ನ ಬಾಯಿಗೆ ಸಕ್ಕರೆ ಹಾಕ! ಇರು, ಆ ಕಲೆ ಬಾಟಲಿಗಳನ್ನೆಲ್ಲ ಇವತ್ತೇ ಸರಿ ಮಾಡ್ತೀನಿ."

ಮರುದಿನ ನಲವತ್ತು. ಅದರ ಮರುದಿನ ಮೂವತ್ತೊಂಬತ್ತು. ಮೂರನೆಯ ದಿನವೂ ಅಷ್ಟೇ.

ನಮ್ಮ ಕಚೇರಿಯ ಗುಮಾಸ್ತರಿಗೆ ತಾಳೆ ಹಾಕುವುದೆಂದರೆ ಪ್ರಾಣ. ಚಹಾ ಕುಡಿಯುವಾಗ ಅವರು, "ಗಾಜಕ್ಕ ಇಲ್ಲದಾಗ ಹೊಳೀತು, ಬಂದ ಮೇಲೆ ಆರಿಹೋಯ್ತು. ಕಾಲ್ಗುಣ ಅಂತ ಒಂದಿರುತ್ತೆ ನೋಡಿ" ಎಂದರು. ಲೋಟ ತೆಗೆದುಕೊಂಡು ಹೋಗಲು ಬಂದಿದ್ದ ಗಾಜಕ್ಕ ಅವರ ಬೆನ್ನ ಹಿಂದೆಯೇ ನಿಂತಿದ್ದಳು.

ಅವಳು ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಮರುದಿನದಿಂದ ನನ್ನ ಕೋಣೆಯ ಹೊಸ್ತಿಲು ತುಳಿಯುವುದನ್ನೇ ಬಿಟ್ಟಳು. ಬಾಟಲಿಗಳ ತಟ್ಟೆಯನ್ನು ಬಾಗಿಲ ಹೊರಗಿಟ್ಟು, ಉದ್ದನೆಯ ಕೋಲಿನಿಂದ ಒಳಗೆ ತಳ್ಳಿ ಹೋಗುತ್ತಿದ್ದಳು. "ಅಕ್ಕಾ, ಇದೇನಿದು?" ಎಂದರೆ, "ನನ್ನ ಕಾಲು ನಿನ್ನ ಕೆಲಸಕ್ಕೆ ಅಡ್ಡ ಬರೋದು ಬೇಡ" ಎನ್ನುತ್ತಿದ್ದಳು. ಮನೆಯಲ್ಲಿ ಅತ್ತೆಯ ಬೆರಳು, ಇಲ್ಲಿ ಗುಮಾಸ್ತರ ನಾಲಿಗೆ. ಅವಳು ಒಂದು ವಾರದಲ್ಲಿ ಎರಡು ಬಾಟಲಿ ಒಡೆದಳು. ಅದು ಅವಳ ಲೆಕ್ಕದಲ್ಲಿ ಎರಡು ವರ್ಷದ ಕೋಟಾ.

ಕ್ಷಮೆ ಕೇಳೋಣವೆಂದು ಒಂದು ಬೆಳಿಗ್ಗೆ ಅವಳಷ್ಟೇ ಬೇಗ ಹೋದೆ. ತೊಳೆಯುವ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಗಾಜಕ್ಕ ಅವನ್ನಿನಿಂದ ನನ್ನ ಬಾಟಲಿಗಳನ್ನು ಹೊರತೆಗೆದು ಸಾಲಾಗಿಟ್ಟಿದ್ದಳು. ಒಂದನ್ನು ಎತ್ತಿ, ಆರಿದೆಯೋ ಎಂದು ಕೆನ್ನೆಗೆ ಒತ್ತಿಕೊಂಡಳು. ಅದರೊಳಕ್ಕೆ ಹಾ ಎಂದು ಉಸಿರು ಬಿಟ್ಟಳು. ಹೆಗಲ ಮೇಲಿನ ಹಳೆಯ ಹತ್ತಿ ಬಟ್ಟೆಯ ತುದಿಯನ್ನು ಒಳಗೆ ತುರುಕಿ ತಿರುವಿದಳು. ಕೊನೆಗೆ ತೋರುಬೆರಳನ್ನು ಬಾಟಲಿಯ ಬಾಯಿಯೊಳಗೆ ಇಳಿಸಿ, ನಿಧಾನವಾಗಿ, ಮಗುವಿನ ವಸಡಿಗೆ ಔಷಧಿ ಹಚ್ಚುವ ಹಾಗೆ ಒಂದು ಸುತ್ತು ಸವರಿದಳು. ಆಮೇಲೆ ಮುಚ್ಚಳ ಹಾಕಿ, "ನೀನಾದ್ರೂ ಹೊಳಿಯಪ್ಪಾ" ಎಂದು ಬಾಟಲಿಗೆ ಹೇಳಿ ಇನ್ನೊಂದನ್ನು ಎತ್ತಿಕೊಂಡಳು.

ಸದ್ದಿಲ್ಲದೆ ಹಿಂದಕ್ಕೆ ಬಂದೆ.

ಆರ್‌ಎನ್‌ಎಯನ್ನು ತುಂಡು ತುಂಡು ಮಾಡುವ ಒಂದು ಕಿಣ್ವವಿದೆ. ಎಲ್ಲರ ಚರ್ಮದ ಮೇಲೆ, ಬೆವರಿನಲ್ಲಿ, ಎಂಜಲಿನಲ್ಲಿ ಅದು ಇರುತ್ತದೆ. ಕುದಿಸಿದರೂ ಜಗ್ಗುವುದಿಲ್ಲ, ಅದಕ್ಕೆಂದೇ ಆ ಇನ್ನೂರ ನಲವತ್ತು ಡಿಗ್ರಿಯ ಉರಿ. ಉರಿಯಲ್ಲಿ ಅದನ್ನು ಸುಟ್ಟ ಮೇಲೆ ಗಾಜಕ್ಕ ಪ್ರತಿ ಬೆಳಿಗ್ಗೆ, ಪ್ರೀತಿಯಿಂದ, ಒಂದು ಬಾಟಲಿಯನ್ನೂ ಬಿಡದೆ, ಮತ್ತೆ ಬಳಿಯುತ್ತಿದ್ದಳು. ಪ್ರಯೋಗಾಲಯದ ಬೇರೆಯವರು ಆರ್‌ಎನ್‌ಎ ಮುಟ್ಟುತ್ತಿರಲಿಲ್ಲ. ಹಾಗಾಗಿ ಇಪ್ಪತ್ತೆರಡು ವರ್ಷ ಯಾರಿಗೂ ಏನೂ ಆಗಿರಲಿಲ್ಲ.

ಇದನ್ನು ಅವಳಿಗೆ ಹೇಳುವವರು ಯಾರು? ನನಗೆ ಬಾಯಿ ಬರಲಿಲ್ಲ. ಪ್ರೊಫೆಸರರಿಗಂತೂ ಯಾರನ್ನಾದರೂ ನೋಯಿಸುವುದೆಂದರೆ ಹಲ್ಲು ಕೀಳಿಸಿಕೊಂಡಷ್ಟು ಭಯ. ಅವರು ಒಂದು ಸುತ್ತೋಲೆ ಹೊರಡಿಸಿದರು: "ಗುಮಾಸ್ತರೂ ಸೇರಿದಂತೆ ಎಲ್ಲ ಸಿಬ್ಬಂದಿಯೂ ಇನ್ನು ಮುಂದೆ ಸದಾ ಕೈಗವಸು ಧರಿಸತಕ್ಕದ್ದು." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಗುಮಾಸ್ತರು ಎರಡು ದಿನ ಕೈಗವಸು ಹಾಕಿಕೊಂಡೇ ಟೈಪು ಮಾಡಿ, ಒಂದೊಂದು ಏಟಿಗೆ ಎರಡೆರಡು ಅಕ್ಷರ ಹೊಡೆದರು.

ಮೂರನೆಯ ದಿನ ಗಾಜಕ್ಕ ಸುತ್ತೋಲೆಯನ್ನು ಕೈಯಲ್ಲಿ ಹಿಡಿದು ಪ್ರೊಫೆಸರರ ಕೋಣೆಗೆ ನುಗ್ಗಿದಳು. ನಾನೂ ಅಲ್ಲೇ ಇದ್ದೆ.

"ಸಾರ್, ಸುತ್ತಿ ಬಳಸಿ ಯಾಕೆ? ಇದು ನನಗೇ ಬರೆದಿದ್ದು ತಾನೇ?"

"ಹಾಗಲ್ಲಮ್ಮ, ಇದು ಎಲ್ಲರಿಗೂ..."

"ನನ್ನ ಕೈ ಕೊಳಕಾ ಸಾರ್?"

ಪ್ರೊಫೆಸರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಕೊನೆಗೆ ಕುರ್ಚಿ ಎಳೆದು ಅವಳನ್ನು ಕೂರಿಸಿ ನಾನೇ ಶುರುಮಾಡಿದೆ.

"ಅಕ್ಕಾ, ಮನೇಲಿ ಭಾವ ಬಟ್ಟೆ ಹೊಲಿಯೋವಾಗ ಅಳತೆ ಚೀಟಿ ಇಟ್ಕೊಂಡಿರ್ತಾರಲ್ವಾ?"

"ಇಟ್ಕೊಂಡಿರ್ತಾರೆ. ಒಂದ್ಸಲ ನಮ್ಮತ್ತೆ ಜೇಬು ನೋಡದೆ ಅಂಗಿ ಒಗೆದುಬಿಟ್ರು, ಚೀಟಿ ಮುದ್ದೆಯಾಯ್ತು. ಇವರು ಅಂದಾಜಲ್ಲಿ ಹೊಲಿದ್ರು. ಆ ಪ್ಯಾಂಟನ್ನ ಗಿರಾಕಿಯ ತಮ್ಮ ಹಾಕ್ಕೊಂಡ."

"ನನ್ನ ನಳಿಕೇಲೂ ಅಂಥದ್ದೇ ಚೀಟಿ ಇದೆ, ಆರ್‌ಎನ್‌ಎ ಅಂತ. ರೈಬೋಸೋಮ್ ಅದನ್ನ ಮೂರು ಮೂರು ಅಕ್ಷರ ಓದುತ್ತೆ. ಪ್ರತಿ ಮೂರಕ್ಕೂ ಒಂದು ತುಣುಕು, ಒಟ್ಟು ಇಪ್ಪತ್ತು ಬಗೆ. ಆ ತುಣುಕನ್ನ ಹೊತ್ಕೊಂಡು ಬರೋ ಆಳುಗಳು ಬೇರೆ ಇದ್ದಾರೆ. ಯಾವ ಆಳಿನ ತಲೆ ಮೇಲೆ ಯಾವ ತುಣುಕು ಅಂತ ನೋಡಿ ಹೊರಿಸೋಕೆ ಕಿಣ್ವಗಳಿವೆ. ರೈಬೋಸೋಮ್ ತಗೊಂಡು, ಹಿಂದಿನದಕ್ಕೆ ಸೇರಿಸಿ, ಮುಂದಿನ ಮೂರಕ್ಷರಕ್ಕೆ ಜರುಗುತ್ತೆ."

"ತಪ್ಪು ತುಣುಕು ಬಂದ್ರೆ?"

"ಸಾಮಾನ್ಯವಾಗಿ ವಾಪಸ್ ಕಳಿಸುತ್ತೆ."

"ಒಳ್ಳೇ ಕೆಲಸಗಾರ" ಎಂದಳು ಗಾಜಕ್ಕ, ಮೊದಲ ಬಾರಿಗೆ ಮುಖ ಸಡಿಲಿಸಿ. "ಸರಿ, ನನ್ನ ಕೈಗೂ ಇದಕ್ಕೂ ಏನು?"

"ಆ ಚೀಟೀನ ಕತ್ತರಿಸೋ ಕಿಣ್ವ ನಮ್ಮ ಬೆರಳಲ್ಲಿ ಇರುತ್ತೆ ಅಕ್ಕ. ಕೊಳಕಲ್ಲ. ಸೋಪು ಹಾಕಿ ತೊಳೆದ ಕೈಯಲ್ಲೂ ಇರುತ್ತೆ. ಚೀಟಿ ಹೋದ್ರೆ ರೈಬೋಸೋಮ್ ಇದೆ, ತುಣುಕುಗಳಿವೆ, ಆದ್ರೆ ಏನು ಮಾಡ್ಬೇಕು ಅಂತ ಯಾರಿಗೂ ಗೊತ್ತಿಲ್ಲ."

ಅವಳು ತನ್ನ ತೋರುಬೆರಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು. "ಈ ಕತ್ತರಿಸೋದು ಇದೆಯಲ್ಲ, ಅದೇನು, ಅದೂ ಪ್ರೋಟೀನೇನಾ?"

"ಹೌದು."

"ಅಂದ್ರೆ ಅದನ್ನೂ ಮಾಡಿದ್ದು ಯಾವುದೋ ರೈಬೋಸೋಮೇ."

"ನಿಮ್ಮ ಮೈಯೊಳಗಿಂದು."

"ಚೆನ್ನಾಯ್ತು. ಹೆತ್ತ ಮಗನೇ ಮನೆಗೆ ಬೆಂಕಿ ಇಟ್ಟ ಹಾಗೆ." ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಮೇಜು ಕುಟ್ಟಿದಳು. "ಎಲ್ಲರ ಕೈಯಲ್ಲೂ ಇರುತ್ತೆ ಅಂದೆ ತಾನೇ? ಹಾಗಾದ್ರೆ ಎಲ್ಲರದ್ದೂ ಪರೀಕ್ಷೆ ಆಗ್ಲಿ. ಸಾರ್‌ದೂ. ಆ ಗುಮಾಸ್ತಪ್ಪಂದೂ. ನಾನೊಬ್ಬಳೇ ಯಾಕೆ ಕೆಟ್ಟ ಹೆಸರು ಹೊರಲಿ?"

ಸಂಶೋಧನೆಯಲ್ಲಿ ನನಗೆ ನೆನಪಿರುವ ಅತ್ಯುತ್ತಮ ಪ್ರಯೋಗ ಅದು. ಯೋಜನೆ ಪೂರ್ತಿ ಗಾಜಕ್ಕನದು. ನಾನು, ಪ್ರೊಫೆಸರು, ಗುಮಾಸ್ತರು, ಅವಳು, ನಾಲ್ವರೂ ಅವಳ ಕಣ್ಣೆದುರಿಗೇ ಸೋಪಿನಿಂದ ಕೈ ತೊಳೆಯಬೇಕು. ಗುಮಾಸ್ತರನ್ನು ಎರಡು ಸಲ ತೊಳೆಸಿದಳು. ಒಬ್ಬೊಬ್ಬರೂ ಒಂದೊಂದು ಹೊಸ ಬಾಟಲಿಯ ನೀರಿನಲ್ಲಿ ಬೆರಳು ಅದ್ದಬೇಕು. ಆ ನೀರಿನ ಒಂದು ಹನಿ ಅವರವರ ನಳಿಕೆಗೆ. ಐದನೆಯ ನಳಿಕೆಗೆ ಯಾರೂ ಮುಟ್ಟದ ನೀರು. ಮುಚ್ಚಳದ ಮೇಲೆ ಹೆಸರು ಬೇಡ, ಬರೀ ಗುರುತು. ಗುರುತಿನ ಪಟ್ಟಿ ಅವಳ ಹತ್ತಿರ, ಮಡಚಿ, ಮುಷ್ಟಿಯೊಳಗೆ.

ಒಂದು ಗಂಟೆ ಕಾದೆವು. ಗುಮಾಸ್ತರು ಎರಡು ಬಾರಿ, "ಇದರಿಂದ ನೌಕರಿಗೆ ತೊಂದರೆ ಇಲ್ಲ ತಾನೇ?" ಎಂದು ಕೇಳಿದರು. ಆಮೇಲೆ ಒಂದೊಂದೇ ನಳಿಕೆಯನ್ನು ಯಂತ್ರಕ್ಕಿಟ್ಟು ಅಂಕಿ ಕೂಗಿದೆ. ಗಾಜಕ್ಕ ಪಟ್ಟಿ ಬಿಚ್ಚಿ ಹೆಸರು ಕೂಗಿದಳು.

ಯಾರೂ ಮುಟ್ಟದ್ದು: ನಲವತ್ತೇಳು ಸಾವಿರದ ಎಂಟುನೂರು. ನಾನು: ತೊಂಬತ್ತಾರು. ಗುಮಾಸ್ತರು: ಐವತ್ತೊಂದು. ಗಾಜಕ್ಕ: ಇನ್ನೂರ ಹನ್ನೆರಡು. ಪ್ರೊಫೆಸರು: ಮೂವತ್ತೊಂಬತ್ತು.

"ಮೂವತ್ತೊಂಬತ್ತು ಅಂದ್ರೆ?" ಎಂದಳು ಗಾಜಕ್ಕ.

"ಖಾಲಿ ನಳಿಕೆಗೆ ನಲವತ್ತು ಬರುತ್ತೆ ಅಕ್ಕ."

ಪ್ರೊಫೆಸರು ತಲೆಗೆ ಒಯ್ದಿದ್ದ ಕೈಯನ್ನು ಅಲ್ಲೇ ನಿಲ್ಲಿಸಿ, ಕೆಳಗಿಳಿಸಿ, ಜೇಬಿನಲ್ಲಿಟ್ಟುಕೊಂಡರು. ವಿಜ್ಞಾನದ ದೃಷ್ಟಿಯಿಂದ ಇನ್ನೂರ ಹನ್ನೆರಡಕ್ಕೂ ಮೂವತ್ತೊಂಬತ್ತಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ; ನಾಲ್ವರೂ ಕೊಲೆಗಾರರೇ. ಅದನ್ನು ಆ ಕ್ಷಣದಲ್ಲಿ ಹೇಳುವಷ್ಟು ದಡ್ಡಿ ನಾನಲ್ಲ. ಗಾಜಕ್ಕ ಗುಮಾಸ್ತರ ಕಡೆ ತಿರುಗಿ, "ಐವತ್ತೊಂದು" ಎಂದಳು. ಅಷ್ಟೇ. ಅವರು ಕಡತವೊಂದನ್ನು ಹುಡುಕಿಕೊಂಡು ಹೋದರು.

ಮುಟ್ಟದ ನಳಿಕೆಯನ್ನು ಅವಳಿಗೆ ಕಣ್ಣಾರೆ ತೋರಿಸಬೇಕೆನಿಸಿತು. ಕಿಟಕಿಯಿಲ್ಲದ ಉಗ್ರಾಣಕ್ಕೆ ಕರೆದೊಯ್ದು ಬಾಗಿಲು ಹಾಕಿದೆ. ಕತ್ತಲಿಗೆ ಕಣ್ಣು ಹೊಂದಲು ಬಹಳ ಹೊತ್ತು ಬೇಕಾಯಿತು. ರಾಸಾಯನಿಕದ ಹೊಸ ಹನಿ ಹಾಕಿದಾಗ ನಳಿಕೆಯ ತಳದಲ್ಲಿ ಹಸಿರು ಹಳದಿಯ ಒಂದು ಮಂಕು ಚುಕ್ಕೆ ಎದ್ದಿತು.

"ಇಷ್ಟೇನಾ?" ಎಂದಳು ಗಾಜಕ್ಕ ಕತ್ತಲಲ್ಲಿ.

"ಇಷ್ಟೇ ಅಕ್ಕ."

"ಇದಕ್ಕೇನಾ ಏಳು ತಿಂಗಳು ಅಳ್ತಿದ್ದಿದ್ದು?" ಎಂದು ನಕ್ಕಳು. ಆಮೇಲೆ ಕೇಳಿದಳು, "ಇದೊಂದು ಪ್ರೋಟೀನಿಗೆ ಎಷ್ಟು ತುಣುಕು ಜೋಡಿಸುತ್ತೆ ಅದು?"

"ಐನೂರ ಐವತ್ತು."

"ಐನೂರ ಐವತ್ತು! ಒಂದೂ ತಪ್ಪದೆ!" ಅವಳು ನಳಿಕೆಯ ಹತ್ತಿರಕ್ಕೆ ಮುಖ ತಂದಳು, ಉಸಿರು ತಾಗೀತೆಂದು ನೆನಪಾಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಚುಕ್ಕೆ ಆರುವವರೆಗೂ ಅವಳು ಹಾಗೇ ಬಾಗಿ ನೋಡುತ್ತಿದ್ದಳು. ಕತ್ತಲಲ್ಲಿ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

ಮರುದಿನದಿಂದ ನಮ್ಮ ಕಷ್ಟಕಾಲ ಶುರುವಾಯಿತು. ಹೊಸದಾಗಿ ನಂಬಿದವರಷ್ಟು ಬಿಗಿ ಹಳಬರಿಗಿರುವುದಿಲ್ಲ. ಗಾಜಕ್ಕ ತೊಳೆಯುವ ಕೋಣೆಗೆ ಚಿಲಕ ಹಾಕಿಸಿದಳು. ಬಾಗಿಲಲ್ಲಿ ಕೈಗವಸಿನ ಡಬ್ಬಿ ಇಟ್ಟು ಕಾವಲು ಕೂತಳು. ಮಾತಾಡುತ್ತ ಬಾಟಲಿಯ ಮೇಲೆ ಬಾಗಿದರೆ, "ಎಂಜಲು!" ಎಂದು ಕೂಗುತ್ತಿದ್ದಳು. ಪ್ರೊಫೆಸರರನ್ನು ನನ್ನ ಮೇಜಿನಿಂದ ಮೂರು ಅಡಿ ದೂರ ನಿಲ್ಲಿಸುತ್ತಿದ್ದಳು. "ಸಾರ್, ನಿಮ್ಮದು ಮೂವತ್ತೊಂಬತ್ತು" ಎಂದರೆ ಅವರು ತಾವಾಗಿಯೇ ಇನ್ನೊಂದು ಅಡಿ ಹಿಂದೆ ಸರಿಯುತ್ತಿದ್ದರು. ಮನೆಯಲ್ಲಿಯೂ ಶಾಂತಿ ನೆಲೆಸಿತಂತೆ. ಅತ್ತೆ ಧೂಳಿನ ಕಡೆ ಬೆರಳು ತೋರಿಸಿದ ಒಂದು ದಿನ ಗಾಜಕ್ಕ ಆ ಬೆರಳನ್ನೇ ಹಿಡಿದುಕೊಂಡು, ಅದರ ತುದಿಯಲ್ಲಿ ಏನೇನಿದೆ ಎಂದು ಅರ್ಧ ಗಂಟೆ ವಿವರಿಸಿದಳು. ಮುದುಕಿ ಅಂದಿನಿಂದ ಕೈಯನ್ನು ಹೊದಿಕೆಯೊಳಗೇ ಇಟ್ಟುಕೊಂಡು ಬರೀ ಗದ್ದದಿಂದ ತೋರಿಸತೊಡಗಿದಳು.

ನನ್ನ ಪ್ರಬಂಧದ ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಬಹಳ ಗಂಭೀರ ಮನುಷ್ಯರು. ಇಷ್ಟು ಸ್ಥಿರವಾದ ಫಲಿತಾಂಶ ಹೇಗೆ ಬಂತೆಂದು ಕೇಳಿ, ಉತ್ತರ ನಂಬದೆ, ತೊಳೆಯುವ ಕೋಣೆಯನ್ನೇ ನೋಡಬೇಕೆಂದರು. ಹೋದವರು, ಮೆಚ್ಚಿಗೆಯಿಂದ, ಒಂದು ಬಾಟಲಿಯತ್ತ ಕೈ ಚಾಚಿದರು. ಗಾಜಕ್ಕನ ಕೈಯಲ್ಲಿದ್ದ ಉದ್ದನೆಯ ಬ್ರಷ್ಷು ಅವರ ಮಣಿಕಟ್ಟಿನ ಮೇಲೆ ಟಪ್ಪೆಂದು ಬಿತ್ತು. ಪ್ರೊಫೆಸರು ಕಣ್ಣು ಮುಚ್ಚಿಕೊಂಡರು. ಪರೀಕ್ಷಕರು ಮಣಿಕಟ್ಟು ಉಜ್ಜಿಕೊಳ್ಳುತ್ತ, "ನನ್ನ ಪ್ರಶ್ನೆಗಳು ಮುಗಿದವು" ಎಂದರು. ನನಗೆ ಪದವಿ ಸಿಕ್ಕಿತು.

ಗಾಜಕ್ಕ ನಿವೃತ್ತಳಾಗಿ ಹನ್ನೆರಡು ವರ್ಷವಾಯಿತು. ಈಗ ನನ್ನದೇ ಒಂದು ಪುಟ್ಟ ಪ್ರಯೋಗಾಲಯವಿದೆ. ಹೋದ ತಿಂಗಳು ಅಲ್ಲಿ ಎರಡು ವಾರ ಏನೂ ಹೊಳೆಯಲಿಲ್ಲ. ಗಾಜು, ನೀರು, ಕೈಗವಸು ಎಲ್ಲವನ್ನೂ ಬದಲಿಸಿ ಸೋತು ಅವಳಿಗೆ ಫೋನು ಮಾಡಿದೆ.

"ಯಾರೋ ಮುಟ್ಟಿರಬೇಕು ಅಕ್ಕ, ಯಾರು ಅಂತ ಗೊತ್ತಾಗ್ತಿಲ್ಲ."

"ಮೊದಲು ಊರವರ ಕೈ ನೋಡೋದು ಬಿಡು. ನೀನು ಹಾಕ್ಬೇಕಾದ್ದೆಲ್ಲ ಹಾಕಿದ್ದೀಯಾ? ಆ ಇಪ್ಪತ್ತು ತುಣುಕೂ ಇದೆಯಾ? ಎಣಿಸಿದ್ದೀಯಾ?"

"ಅದು ಕಲಸಿದ್ದೇ ಬಾಟಲಿಯಲ್ಲಿ ಬರುತ್ತೆ ಅಕ್ಕ, ಎಣಿಸೋದೇನು..."

"ಬಾಟಲಿ ಮೇಲೆ ಏನು ಬರೆದಿದೆ, ಓದು."

ಫೋನು ಹಿಡಿದುಕೊಂಡೇ ಹೋಗಿ ಓದಿಕೊಂಡೆ. ಬೇರೆ ಬಗೆಯ ಪ್ರಯೋಗಗಳಿಗಾಗಿ ಮೆಥಿಯೋನಿನ್ ಎಂಬ ಒಂದು ಅಮೈನೋ ಆಮ್ಲವನ್ನು ಬೇಕೆಂದೇ ಬಿಟ್ಟು ತಯಾರಿಸಿದ ಮಿಶ್ರಣವದು. ಒಳಗಿದ್ದದ್ದು ಹತ್ತೊಂಬತ್ತೇ. ಅದನ್ನು ತರಿಸಿದವಳೂ ನಾನೇ. ರೈಬೋಸೋಮ್ ಎಲ್ಲ ಪ್ರೋಟೀನನ್ನೂ ಶುರುಮಾಡುವುದೇ ಮೆಥಿಯೋನಿನ್ ಇಟ್ಟು ಎಂದು ನಾನು ಪ್ರತಿ ವರ್ಷ ತರಗತಿಯಲ್ಲಿ ಪಾಠ ಮಾಡುತ್ತೇನೆ.

ಆ ಕಡೆಯಿಂದ ಗಾಜಕ್ಕ, "ಯಾಕೆ ಮರಿ ಸುಮ್ಮನಾದೆ?" ಎಂದಳು. ಆಮೇಲೆ ಫೋನನ್ನು ಸ್ವಲ್ಪ ದೂರ ಹಿಡಿದು, ಮನೆಯವರಿಗೆಲ್ಲ ಕೇಳಿಸುವಂತೆ ನಗತೊಡಗಿದಳು.